ಆಡು ತಿಂದ ಭಿನ್ನರಾಶಿ

ಎಲ್ಲ ಆಗಿದ್ದು ಹುಲಿಗವ್ವ ಗಂಜಿಗೆ ಉಪ್ಪು ಹಾಕಿದ್ದರಿಂದ.

ಹುಲಿಗವ್ವ ಚಿಕ್ಕತಗ್ಗಿಹಾಳದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಅಡಿಗೆಯವಳು. ಮರಿಸ್ವಾಮಿ ಮಾಸ್ತರರು ಗೋಡೆಗೆ ಕಾಗದ ಹಚ್ಚುವುದಕ್ಕೆ ಒಂದು ಲೋಟ ಅನ್ನದ ಗಂಜಿ ಬೇಕೆಂದು ಕೇಳಿದಾಗ, ಆಕೆ ಕೈ ರೂಢಿಯ ಮೇಲೆ ಒಂದು ಚಿಟಿಕೆ ಉಪ್ಪು ಹಾಕಿಯೇ ಕೊಟ್ಟಳು. ಮೂವತ್ತು ವರ್ಷ ಒಲೆ ಮುಂದೆ ಕೂತವಳ ಕೈ ಅದು. ಉಪ್ಪಿಲ್ಲದ್ದನ್ನು ಯಾರಿಗೂ ಕೊಡಲೊಪ್ಪದು, ಗೋಡೆಗೂ.

ಆ ದಿನ ಬೆಳಿಗ್ಗೆ ಮರಿಸ್ವಾಮಿ ಕೊಪ್ಪಳಕ್ಕೆ ಹತ್ತಿದ ಭಾಗ್ಯನಗರದ ತಮ್ಮ ಮನೆಯಿಂದ ಆರು ಗಂಟೆಗೆ ಹೊರಬಿದ್ದಿದ್ದರು. ಎರಡು ಬಸ್ಸು ಬದಲಿಸಿ, ಕ್ರಾಸಿನಿಂದ ಒಂದೂವರೆ ಮೈಲಿ ನಡೆದರೆ ಶಾಲೆ. ಒಂಬತ್ತು ವರ್ಷದಿಂದ ಇದೇ ದಾರಿ. ಎರಡನೆಯ ಬಸ್ಸಿನಲ್ಲಿ ನಿಂತುಕೊಂಡಿದ್ದಾಗ ಫೋನು ಟಿಣ್ ಎಂದಿತು. ತಾಲೂಕಿನ ಶಿಕ್ಷಣಾಧಿಕಾರಿ ಸಾಹೇಬರ ಆದೇಶ: 'ಈ ಅವಧಿಯಲ್ಲಿ ಏಳನೆಯ ತರಗತಿಯ ಮಕ್ಕಳು ಏನೇನು ಕಲಿಯುತ್ತಾರೆ ಮತ್ತು ಮಾಡುತ್ತಾರೆ ಎಂಬುದನ್ನು ದೊಡ್ಡ ಹಾಳೆಯಲ್ಲಿ ಬರೆದು ಶಾಲೆಯ ಹೊರಗೋಡೆಗೆ ಅಂಟಿಸತಕ್ಕದ್ದು. ಪಾಲಕರ ಸಭೆ ಕರೆದು ಓದಿ ಹೇಳತಕ್ಕದ್ದು. ಹಾಳೆಯ ಮುಂದೆ ಕನಿಷ್ಠ ಇಪ್ಪತ್ತು ಪಾಲಕರು ನಿಂತ ಫೋಟೋ ಇಂದೇ ಏರಿಸತಕ್ಕದ್ದು. ಇದನ್ನು ಅತ್ಯಂತ ಜರೂರು ಎಂದು ಭಾವಿಸುವುದು.' ಅದರ ಕೆಳಗೆ ಇನ್ನೊಂದು ಸಾಲು: 'ಮಧ್ಯಾಹ್ನ ಮೂರಕ್ಕೆ ತಮ್ಮ ಶಾಲೆಗೆ ಖುದ್ದು ಬರುತ್ತೇನೆ.'

ಮರಿಸ್ವಾಮಿಗೆ ಹೆದರಿಕೆಯಾಯಿತು, ಜೊತೆಗೇ ಹಿಗ್ಗೂ ಆಯಿತು. ಅವರ ಚೀಲದಲ್ಲಿ ಒಂದು ಅರ್ಜಿ ಇತ್ತು. ಭಾಗ್ಯನಗರದ ಶಾಲೆಯೊಂದರಲ್ಲಿ ಗಣಿತದ ಮಾಸ್ತರರ ಜಾಗ ಖಾಲಿ ಬಿದ್ದಿತ್ತು. ನಿಯೋಜನೆಯ ಮೇಲೆ ಅಲ್ಲಿಗೆ ಹೋಗಲು ಸಾಹೇಬರ ಶಿಫಾರಸಿನ ಸಹಿ ಒಂದು ಬೇಕು. ಅರ್ಜಿ ಮುಟ್ಟಿಸಲು ಇವತ್ತೇ ಕಡೆಯ ದಿನ.

ಆ ಜಾಗ ಬೇಕಾಗಿದ್ದೂ ತಮಗಾಗಿ ಅಲ್ಲ. ಮಗಳು ಐಶ್ವರ್ಯಾ ಕೂಡ ಏಳನೆಯ ತರಗತಿಯೇ. ಹೋದ ವಾರದ ಪರೀಕ್ಷೆಯಲ್ಲಿ ಅರ್ಧಕ್ಕೆ ಮೂರರಲ್ಲೊಂದು ಪಾಲು ಕೂಡಿಸಿ ಐದರಲ್ಲಿ ಎರಡು ಎಂದು ಬರೆದು ಬಂದಿದ್ದಳು. ಹೆಂಡತಿ ಶೋಭಾರಾಣಿ ಆ ಉತ್ತರಪತ್ರಿಕೆಯನ್ನು ಗಂಡನ ಊಟದ ತಾಟಿನ ಪಕ್ಕಕ್ಕೆ ಉಪ್ಪಿನಕಾಯಿಯ ಹಾಗೆ ಇಟ್ಟಿದ್ದಳು. "ಮಂದಿ ಮಕ್ಕಳಿಗೆ ಲೆಕ್ಕ ಹೇಳಾಕ ದಿನಾ ಅರವತ್ತು ಮೈಲಿ ಅಡ್ಡಾಡ್ತೀರಿ. ನಿಮ್ಮ ಮಗಳು ಅರ್ಧಕ್ಕ ಕೂಡಿಸಿ ಅರ್ಧಕ್ಕಿಂತ ಕಡಿಮಿ ಮಾಡ್ಯಾಳ, ನೋಡ್ರಿ." ಮರಿಸ್ವಾಮಿ ನೋಡಿದರು. ಮನೆ ಮುಟ್ಟುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು, ಹೊರಡುವಾಗ ಇನ್ನೂ ಎದ್ದಿರುತ್ತಿರಲಿಲ್ಲ.

ಶಾಲೆ ಮುಟ್ಟಿದವರೇ ಹಾಳೆ ಹಾಸಿಕೊಂಡು ಕೂತರು. ಏಳನೆಯವರಿಗೆ ಮಗ್ಗಿ ಬರೆಯಲು ಹೇಳಿದರು. ಏಳನೆಯ ತರಗತಿ ಏನು ಕಲಿಯುತ್ತದೆ ಎಂದು ಬರೆಯುವ ಕೆಲಸದಲ್ಲಿ ಆ ದಿನ ಏಳನೆಯ ತರಗತಿಗೆ ಏನನ್ನೂ ಕಲಿಸಲು ಆಗಲಿಲ್ಲ. ಅಕ್ಷರಗಳು ಮಾತ್ರ ಮುತ್ತಿನಂತೆ ಬಂದವು:

'ಭಿನ್ನರಾಶಿ ಓದಿ ಹೇಳುವುದು.
ಕ್ಷೇತ್ರಫಲ ಕಂಡುಹಿಡಿಯುವುದು.
ಉಪಗ್ರಹಗಳ ಉಪಯೋಗ ತಿಳಿಸುವುದು.
ಪ್ರಯೋಗ ನೋಡಿ ಬರೆಯುವುದು.'

ಮೇಲೆ ನಟ್ಟನಡುವೆ ದಪ್ಪಗೆ ತಲೆಬರಹ. ಗಂಜಿ ಬಳಿದು, ಹಾಳೆಯನ್ನು ಹೊರಗೋಡೆಗೆ ಕೈಗೆಟಕುವಂತೆ ತಗ್ಗಿನಲ್ಲೇ ಹಚ್ಚಿ, ಎಡಗಡೆಯ ಅಂಚಿಗೆ ಇನ್ನಷ್ಟು ಗಂಜಿ ಮೆತ್ತಿ, ಸಭೆಗೆ ಬರಲು ಊರಿಗೆ ಹೇಳಿಕಳಿಸಿ ಒಳಗೆ ಹೋದರು.

ಹುಲಿಗವ್ವನ ಆಡು ದಿನಾ ಅವಳ ಹಿಂದೆಯೇ ಶಾಲೆಗೆ ಬರುತ್ತಿತ್ತು. ಹಾಜರಾತಿಯಲ್ಲಿ ಹೆಸರಿಲ್ಲ ಎಂಬುದೊಂದು ಬಿಟ್ಟರೆ ಶಾಲೆಯಲ್ಲಿ ಅದರಷ್ಟು ಹಾಜರಾತಿ ಯಾರದೂ ಇರಲಿಲ್ಲ. ಉಪ್ಪಿನ ವಾಸನೆ ಹಿಡಿದು ಬಂದು ಎಡಗಡೆಯ ಅಂಚನ್ನು ಮೊದಲು ನೆಕ್ಕಿತು, ರುಚಿ ಹತ್ತಿದ ಮೇಲೆ ಮೇಲಿಂದ ಕೆಳಗಿನವರೆಗೆ ಸಾವಕಾಶವಾಗಿ ಕಡಿಯಿತು. ಸಮಾಸದ ಪದಗಳನ್ನು ಬಿಡಿಸುವುದನ್ನು ಮರಿಸ್ವಾಮಿ ಮಕ್ಕಳಿಗೆ ಎಷ್ಟು ಹೇಳಿಕೊಟ್ಟರೂ ಹತ್ತಿರಲಿಲ್ಲ. ಆಡು ಒಂದೇ ಬಾಯಿಗೆ ಬಿಡಿಸಿತು. 'ಭಿನ್ನ' ಹೋಯಿತು, 'ಕ್ಷೇತ್ರ' ಹೋಯಿತು, 'ಉಪ' ಹೋಯಿತು, 'ಪ್ರ' ಹೋಯಿತು. ಅಷ್ಟರಲ್ಲಿ ಒಳಗಿಂದ ಕುಕ್ಕರ್ ಸೀಟಿ ಹೊಡೆಯಿತು. ಆಡು ಅಡಿಗೆ ಕೋಣೆಯ ಕಡೆ ನಡೆಯಿತು.

ಶಾಲೆಯ ಎದುರಿಗೇ ಕಳಕಪ್ಪನ ಚಹಾದಂಗಡಿ. ಊರಿನಲ್ಲಿ ಏನೇ ಕಾಗದ ಅಂಟಿಸಿದರೂ ಮೊದಲು ಓದುವವನು ಅವನು, ಆಮೇಲೆ ಅರ್ಥ ಹೇಳುವವನೂ ಅವನೇ. ಚಹಾ ಕುಡಿಯುತ್ತ ಕೂತಿದ್ದ ಕರಿಬಸಪ್ಪನನ್ನು ಕರೆದುಕೊಂಡು ಗೋಡೆಯ ಹತ್ತಿರ ಬಂದ. ಕರಿಬಸಪ್ಪ ಶಾಲೆಯ ಸಮಿತಿ ಅಧ್ಯಕ್ಷ, ಎಂಟೆಕರೆ ಹೆಸರುಕಾಳು ಬಿತ್ತಿದವ.

"ಈ ಅವಧಿಯಲ್ಲಿ ಏಳನೆಯ ತರಗತಿಯ ಮಕ್ಕಳು ಕಲಿಯುವುದು, ಮಾಡುವುದು," ಎಂದು ಕಳಕಪ್ಪ ಗಂಟಲು ಸರಿಮಾಡಿಕೊಂಡು ಓದಿದ. "ರಾಶಿ..."

"ರಾಶಿ?" ಕರಿಬಸಪ್ಪನ ಕಣ್ಣು ಅರಳಿದವು. "ಏ ಭಾಳ ಛಲೋ ಆತು ಬಿಡೋ! ಹೆಸರು ಬಿಡಿಸಿ ಕಣದಾಗ ಹಾಕೇನಿ, ಬಡಿದು ರಾಶಿ ಮಾಡಾಕ ಆಳು ಸಿಗವಲ್ರು. ಏಳನೇತ್ತಿಯವು ಹದಿನೆಂಟು ಹುಡುಗ್ರು ಅದಾವ. ನಾಳಿಗೇ ಕಳಿಸ್ರಿ ಅಂತ ಮಾಸ್ತರ್ಗ ಹೇಳ್ತೀನಿ."

"ಪೂರಾ ಕೇಳೋ ಮಾರಾಯ. 'ರಾಶಿ ಓದಿ ಹೇಳುವುದು.' ಹೆಸರಿನ ರಾಶಿ ಓದಾಕ ಬರತೈತೇನು? 'ಫಲ ಕಂಡುಹಿಡಿಯುವುದು. ಗ್ರಹಗಳ ಉಪಯೋಗ ತಿಳಿಸುವುದು.'" ಕಳಕಪ್ಪನ ದನಿ ಇಳಿಯಿತು. "'ಯೋಗ ನೋಡಿ ಬರೆಯುವುದು.'"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕರಿಬಸಪ್ಪ ಕಾಲಲ್ಲಿನ ಚಪ್ಪಲಿ ಬಿಟ್ಟ.

"ಇದನ್ನೂ ಸಾಲ್ಯಾಗ ಇಟ್ಟಾರೇನೋ?"

"ಇಡಲಾರದೇನು? ಮಂದಿ ಕನಕಗಿರಿಗೆ, ಗಂಗಾವತಿಗೆ ಹೋಗಿ ನೂರಾರು ಸುರದು ಕೇಳಿ ಬರತಾರ. ಸರಕಾರ ಅಂದ್ರ ಹೆಂಗ? ಎಲ್ಲಾ ಪುಕ್ಕಟ. ಪುಸ್ತಕ ಪುಕ್ಕಟ, ಮೊಟ್ಟಿ ಪುಕ್ಕಟ, ಇನ್ನ ಭವಿಷ್ಯಾನೂ ಪುಕ್ಕಟ. ಮಕ್ಕಳಿಗೆ ಕಲಸ್ತಾರಂದ್ರ ಮಾಸ್ತರ್ಗ ಬರಲಾರದ ಇರತೈತೇನು? ಒಂಬತ್ತು ವರ್ಷಾತು, ಬಾಯಿ ಬಿಟ್ಟು ಯಾರಿಗೂ ಹೇಳಿಲ್ಲ ನೋಡು ಮನುಷ್ಯಾ!"

ಎರಡು ಗಂಟೆಗೆ ಬಸವಣ್ಣೆಮ್ಮ ತರಗತಿಯೊಳಗೆ ಬಂದಳು. ಎಪ್ಪತ್ತು ದಾಟಿದ ಮುದುಕಿ. ಮೊಮ್ಮಗಳಿಗೆ ಗಂಡು ನೋಡುತ್ತಿದ್ದಳು. ಬಗಲಲ್ಲಿ ಅರಿವೆಯಲ್ಲಿ ಸುತ್ತಿದ ಜಾತಕ. ಮರಿಸ್ವಾಮಿಗೆ ಕಣ್ಣು ತುಂಬುವುದೊಂದು ಬಾಕಿ. ಹೋದ ಸಲದ ಪಾಲಕರ ಸಭೆಗೆ ಮೂರು ಜನ ಬಂದಿದ್ದರು. ಅವರಲ್ಲಿ ಒಬ್ಬ ಬಿಸಿಲೆಂದು ನೆರಳಿಗೆ ಬಂದು ಕೂತವನು.

"ಬರ್ರಿ ಯಮ್ಮಾ, ಕೂಡ್ರಿ. ಓದಿದ್ರೇನು ಹಾಳಿ?"

"ಕಳಕಪ್ಪ ಓದಿ ಹೇಳಿದ. ಆ ರಾಶಿದು ಒಂದೀಟು ಬಿಡಿಸಿ ಹೇಳ್ರಿ ಮಾಸ್ತರ್ರ."

ಗಣಿತ ಹೇಳಿಕೊಡಿ ಎಂದು ಒಬ್ಬ ಮುದುಕಿ ತಾನಾಗಿ ಕೇಳಿದ್ದು ಮರಿಸ್ವಾಮಿಯ ನೌಕರಿಯಲ್ಲೇ ಮೊದಲು. ಹಿಗ್ಗಿನಿಂದ ಬೋರ್ಡಿನ ಮೇಲೆ ಅಡ್ಡಗೆರೆ ಎಳೆದು ಅರ್ಧ, ಪಕ್ಕಕ್ಕೆ ಮೂರರಲ್ಲೊಂದು ಬರೆದರು.

"ನೋಡ್ರಿ ಯಮ್ಮಾ. ಪ್ರತಿಯೊಂದು ರಾಶಿಗೂ ಎರಡು ಮನಿ. ಮ್ಯಾಲಿಂದು ಅಂಶ, ಕೆಳಗಿಂದು ಛೇದ."

"ಕೆಳಗಿನ ಮನ್ಯಾಗ ಶನಿ ಅದಾನೇನ್ರಿ?"

"ಶನಿ ಅಲ್ರಿ, ಛೇದ. ಎರಡೂ ಕಡೆ ಛೇದ ಒಂದ ಇತ್ತಂದ್ರ ಏನೂ ತ್ರಾಸಿಲ್ಲ, ಸೀದಾ ಕೂಡಸಬಹುದು. ಬ್ಯಾರೆ ಬ್ಯಾರೆ ಇದ್ರ ಮಾತ್ರ ಹಂಗ ಕೂಡಸಬಾರದು. ಕೂಡಿಸಿದ್ರ ಕೆಟ್ಟೇ ಹೋಗತೈತಿ."

"ಅಯ್ಯ ಶಿವನ! ನನ್ನ ದೊಡ್ಡ ಮೊಮ್ಮಗಳಿಂದು ಹಂಗ ಕೂಡಿಸಿದಿವ್ರಿ. ವರ್ಷದಾಗ ತಿರುಗಿ ಬಂದು ಮನ್ಯಾಗ ಕುಂತಾಳ," ಬಸವಣ್ಣೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೂಡಲಾರದ್ದಕ್ಕ ಉಪಾಯ ಏನ್ರಿ?"

"ಉಪಾಯ ಐತ್ರಿ. ಮೊದಲು ಎರಡನ್ನೂ ಸಮ ಮಾಡ್ಕೋಬೇಕು. ಇದಕ್ಕ ಮೂರರಿಂದ ಗುಣಸ್ರಿ, ಅದಕ್ಕ ಎರಡರಿಂದ ಗುಣಸ್ರಿ. ಸಾವಕಾಶ ಮಾಡಬೇಕು. ಅವಸರ ಮಾಡಬಾರದು."

"ಮೂರು ವಾರ ಹುಡುಗಿ ಕಡಿಂದ ಪೂಜಿ, ಎರಡು ವಾರ ಹುಡುಗನ ಕಡಿಂದ," ಮುದುಕಿ ಬೆರಳು ಮಡಚಿದಳು. "ತಿಳೀತ್ರಿ. ದೇವರು ನಿಮ್ಮ ಹೊಟ್ಟಿ ತಣ್ಣಗ ಇಡ್ಲಿ." ಎದ್ದು ಮಾಸ್ತರರ ಕಾಲು ಮುಟ್ಟಲು ಬಗ್ಗಿದಳು. ಮರಿಸ್ವಾಮಿ ಹೌಹಾರಿ ಹಿಂದೆ ಸರಿದರು. ಛೇದದ ಪಾಠಕ್ಕೆ ಯಾರೂ ಈವರೆಗೆ ಕಾಲಿಗೆ ಬಿದ್ದದ್ದಿಲ್ಲ. ಅನುಮಾನ ಬಂದದ್ದು ಆಗ. ಹೊರಗೆ ಬಂದರು.

ಶಾಲೆಯ ಅಂಗಳ ಸಂತೆಯ ಹಾಗೆ ತುಂಬಿತ್ತು. ಹೆಸರು ಬಿಡಿಸುವುದನ್ನು ಅರ್ಧಕ್ಕೆ ಬಿಟ್ಟು ಬಂದ ಹೆಂಗಸರು, ಗಿಣಿಗೇರಾದ ಕಾರಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದ ಗಂಡಸರು. ಕೆಲವರ ಕೈಯಲ್ಲಿ ಜಾತಕ, ಜಾತಕವಿಲ್ಲದವರ ಕೈಯಲ್ಲಿ ಆಧಾರ್ ಕಾರ್ಡು. ಹುಟ್ಟಿದ ತಾರೀಖು ಅದರಲ್ಲಿ ಇದೆಯಲ್ಲ ಎಂದು ಕಳಕಪ್ಪನೇ ಹೇಳಿ ಕಳಿಸಿದ್ದ. ಸಾಲು ಸಾಲಾಗಿ ನಿಲ್ಲಿಸುತ್ತಿದ್ದವನೂ ಅವನೇ. ಸಾಲಿನ ಕೊನೆಯಲ್ಲಿ ಚಹಾ ಮಾರುತ್ತಿದ್ದವನೂ ಅವನೇ.

ಮರಿಸ್ವಾಮಿ ಗೋಡೆ ನೋಡಿದರು. ಓದಿದರು. ಇನ್ನೊಮ್ಮೆ ಓದಿದರು. ಅಡಿಗೆ ಕೋಣೆಯ ಬಾಗಿಲಲ್ಲಿ ಮಲಗಿದ್ದ ಆಡಿನ ಗಡ್ಡಕ್ಕೆ ಹಾಳೆಯ ತುಣುಕೊಂದು ಅಂಟಿಕೊಂಡಿತ್ತು. ಅದರ ಮೇಲೆ 'ಭಿ' ಎಂದಿತ್ತು.

"ಹುಲಿಗವ್ವಾ!" ಎಂದು ಅವರು ಕೂಗಿದ ರೀತಿಗೆ ಏಳನೆಯ ತರಗತಿ ತನ್ನಷ್ಟಕ್ಕೆ ಎದ್ದು ನಿಂತಿತು.

"ನನ್ನ ಆಡು ಹಂಥಾದ್ದಲ್ರಿ ಸರ," ಹುಲಿಗವ್ವ ಸೌಟು ಹಿಡಿದುಕೊಂಡೇ ಬಂದಳು. "ಕಾಗದ ತಿನ್ನೂದಿಲ್ಲ ಅದು. ಉಪ್ಪಿಗೆ ಬಾಯಿ ಹಾಕೇತಿ."

ಹರಿದು ಒಗೆಯಬೇಕೆಂದು ಮರಿಸ್ವಾಮಿ ಕೈ ಚಾಚಿದರು. ಕರಿಬಸಪ್ಪ ಆ ಕೈ ಹಿಡಿದುಕೊಂಡ.

"ಏನ್ ಮಾಡ್ತೀರಿ ಮಾಸ್ತರ್ರ? ಅರವತ್ತು ಮಂದಿ ಬಂದಾರ. ನಿಮ್ಮ ಸಾಹೇಬ್ರು ಇಪ್ಪತ್ತು ಬೇಕಂದಿದ್ರಂತ ಹೌದಿಲ್ಲೋ? ಇದನ್ನ ತಗದ್ರ ಇವರು ಹೊಲಕ್ಕ ಹೋಗ್ತಾರ. ಇನ್ನೊಮ್ಮಿ ನೀವು ಗುಡಿ ಗಂಟಿ ಬಾರಿಸಿದ್ರೂ ಬರೂದಿಲ್ಲ."

ಮರಿಸ್ವಾಮಿ ಗಡಿಯಾರ ನೋಡಿದರು. ಎರಡೂವರೆ. ಖರೇ ಹೇಳಿದರೆ ಅಂಗಳ ಖಾಲಿ. ಖಾಲಿ ಅಂಗಳ ಕಂಡು ಸಾಹೇಬರು ಅರ್ಜಿಗೆ ಸಹಿ ಹಾಕುವವರಲ್ಲ. ಹೇಳದಿದ್ದರೆ? ಹಾಳೆಯ ಮುಂದೆ ಮಂದಿಯನ್ನು ಒತ್ತೊತ್ತಾಗಿ ನಿಲ್ಲಿಸಿಬಿಟ್ಟರೆ ಅಕ್ಷರ ಕಾಣುವುದಿಲ್ಲ. ಫೋಟೋ ಒಂದು ಆಗಲಿ, ಸಹಿ ಒಂದು ಬೀಳಲಿ, ಆಮೇಲೆ ಎಲ್ಲರಿಗೂ ಕೈಮುಗಿದು ನಿಜ ಹೇಳಿದರಾಯಿತು. ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಮೂರು ಗಂಟೆಗೆ ಸರಿಯಾಗಿ ಜೀಪು ಬಂತು. ಸಿದ್ದಲಿಂಗೇಶ ಸಾಹೇಬರು ಕೆಳಗಿಳಿದು ಅಂಗಳ ನೋಡಿ, ತಪ್ಪಿ ಯಾವುದೋ ಸಭೆಗೆ ಬಂದೆನೇನೋ ಎಂಬಂತೆ ಮತ್ತೆ ಜೀಪಿನ ಕಡೆ ನೋಡಿದರು.

"ಇವರೆಲ್ಲಾ ಪಾಲಕರೇನ್ರಿ?"

"ಹೌದ್ರಿ ಸರ."

"ಏನು ಕಲೀತಾರ ಅಂತ ತಿಳ್ಕೊಳ್ಳಾಕ ಬಂದಾರ?"

"ಅದಕ್ಕ ಬಂದಾರ್ರಿ," ಎಂದರು ಮರಿಸ್ವಾಮಿ. ಇದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ.

ಫೋಟೋ ಆಯಿತು. ಸಾಹೇಬರು ನಡುವೆ ನಿಂತರು. ಮರಿಸ್ವಾಮಿ ಎಣಿಸಿದಂತೆ ಅಕ್ಷರ ಒಂದೂ ಕಾಣಲಿಲ್ಲ. ಆದರೆ ಫೋಟೋ ಮುಗಿದ ಕೂಡಲೇ ಮಂದಿ ಮತ್ತೆ ಸಾಲಿಗೆ ಓಡಿತು, ಗೋಡೆ ಬಟಾಬಯಲಾಯಿತು. ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು. ಮುಖದಲ್ಲಿ ಏನೂ ಕಾಣಲಿಲ್ಲ. "ಮಾಸ್ತರ್, ಒಳಗ ಬರ್ರಿ," ಎಂದಷ್ಟೇ ಹೇಳಿ ನಡೆದರು.

ಸಾಹೇಬರು ತಾವೇ ಬಾಗಿಲು ಹಾಕಿ ಅಗಳಿ ಜಡಿದರು. ಮರಿಸ್ವಾಮಿ ಚೀಲದಿಂದ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಅರ್ಜಿ ಹಾಗೆಯೇ ಇತ್ತು. ಅಮಾನತ್ತು ಆದರೆ ದಿನವಿಡೀ ಮನೆಯಲ್ಲೇ ಇರಬಹುದು, ಮಗಳಿಗೆ ಪಾಠ ಹೇಳಬಹುದು ಎಂದು ಒಂದು ಸಮಾಧಾನ ಮಿಂಚಿ ಹೋಯಿತು.

"ನೋಡ್ರಿ, ನಾ ಇದನ್ನೆಲ್ಲಾ ನಂಬಾಂವ ಅಲ್ಲ," ಎಂದರು ಸಾಹೇಬರು.

"ಸರ, ಆಡು..."

"ಆಡೂದು ಆಮ್ಯಾಗ, ಮೊದಲು ಕೇಳ್ರಿ." ದನಿ ಪಿಸುಮಾತಿಗೆ ಇಳಿಯಿತು. "ನಂದು ಕನ್ಯಾ ರಾಶಿ. ಕೊಪ್ಪಳಕ್ಕ ವರ್ಗಾವಣಿ ಕೇಳಿ ಎರಡು ವರ್ಷಾತು. ಮನಿಯವರು ಅಲ್ಲಿ, ನಾ ಇಲ್ಲಿ. ಬಸ್ಸಿನ್ಯಾಗ ಓಡಾಡಿ ಓಡಾಡಿ ಸೊಂಟ ಹೋತು. ಯಾವಾಗ ಆಗತೈತಿ, ಒಂದೀಟು ನೋಡ್ರಿ."

ಮರಿಸ್ವಾಮಿ ಸಾಹೇಬರನ್ನು ನೋಡಿದರು, ಅರ್ಜಿಯನ್ನು ನೋಡಿದರು. ಒಂಬತ್ತು ವರ್ಷದಲ್ಲಿ ತಮ್ಮ ಸಂಕಟವನ್ನು ಇಷ್ಟು ಚೊಕ್ಕವಾಗಿ ಬೇರೆಯವರ ಬಾಯಲ್ಲಿ ಅವರು ಕೇಳಿರಲಿಲ್ಲ. ಒಂದು ಕ್ಷಣ ಕಣ್ಣು ಮುಚ್ಚಿ ಬೆರಳು ಎಣಿಸಿದ ಹಾಗೆ ಮಾಡಿದರು. ಎಣಿಸಿದ್ದು ಮೂರರ ಮಗ್ಗಿ.

"ಆಗತೈತ್ರಿ ಸರ. ಲಗೂನ ಆಗತೈತಿ. ಆದ್ರ ಯೋಗ ಕೂಡಬೇಕಂದ್ರ, ಬ್ಯಾರೆಯವರದೂ ಒಂದು ಇಂಥದ್ದ ಕೆಲಸ ನಿಮ್ಮ ಕೈಲೆ ಆಗಬೇಕು. ಇವತ್ತ ಆದ್ರ ಛಲೋ." ಅರ್ಜಿಯನ್ನು ಸಾವಕಾಶವಾಗಿ ಮುಂದಕ್ಕೆ ಸರಿಸಿದರು.

ಸಾಹೇಬರು ಓದಿ ನಕ್ಕರು. "ಶಾಣ್ಯಾ ಅದೀರಿ ಮಾಸ್ತರ್," ಎಂದು ಪೆನ್ನಿನ ಟೊಪ್ಪಿಗೆ ತೆಗೆದರು. ಪೆನ್ನಿನ ತುದಿ ಕಾಗದ ಮುಟ್ಟಬೇಕು, ಅಷ್ಟರಲ್ಲಿ ಫೋನು ಬಂತು.

"ಹಲೋ... ಹಾಂ ಹೇಳ್ರಿ... ಯಾರಿಗೆ?... ನನಗ?... ಕೊಪ್ಪಳಕ್ಕ? ಖರೇನ?" ಸಾಹೇಬರು ಕುರ್ಚಿ ಬಿಟ್ಟು ಎದ್ದರು. ಪೆನ್ನು ಕೆಳಗೆ ಬಿತ್ತು.

ಕಿಟಕಿಯಲ್ಲಿ ಕಳಕಪ್ಪನ ಮುಖವಿತ್ತು. ಚಹಾ ಕೊಡಲು ಬಂದವನು ಮೊದಲಿನಿಂದಲೂ ಅಲ್ಲೇ ನಿಂತಿದ್ದ. "ಕೇಳ್ರಪೋ!" ಎಂದು ಅಂಗಳದ ಕಡೆ ತಿರುಗಿ ಒದರಿದ. "ಮಾಸ್ತರ್ರು ಬಾಯಿ ಮುಚ್ಚೂದ್ರೊಳಗ ಖರೇ ಆತು! ಸಾಹೇಬ್ರಿಗೆ ವರ್ಗಾ ಆತು!"

ಅಂಗಳ ಹೋ ಎಂದಿತು. ಸಾಹೇಬರು ಮರಿಸ್ವಾಮಿಯ ಎರಡೂ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ.

"ಸರ, ಆ ಸಹಿ..."

"ಹಾಕೋಣಂತ, ಹಾಕೋಣಂತ. ಐದರೊಳಗ ಚಾರ್ಜ್ ಬಿಟ್ಟು ಕೊಡಬೇಕಂತ. ಇದು ಈ ತಾಲೂಕಿನ್ಯಾಗ ನನ್ನ ಕಡೀ ಸಹಿ ನೋಡ್ರಿ," ಎಂದು ಅಗಳಿ ತೆಗೆದು, ಪೆನ್ನು ಎತ್ತಿಕೊಂಡರು.

ತೆರೆದ ಬಾಗಿಲಿನಲ್ಲಿ ಕರಿಬಸಪ್ಪ ನಿಂತಿದ್ದ. ಅವನ ಕೈಯಲ್ಲಿ ಸಭೆಯ ನಿರ್ಣಯ ಬರೆಯುವ ಶಾಲೆಯ ಠರಾವು ಪುಸ್ತಕ. ಹಿಂದೆ ಅರವತ್ತು ಮಂದಿ. "ಸಾಹೇಬ್ರ, ಸಭೆಗೆ ಇಷ್ಟು ಮಂದಿ ಎಂದೂ ಬಂದಿಲ್ಲ. ಬಂದಾಗ ಒಂದು ಠರಾವು ಆಗ್ಲಿ. ಮಾಸ್ತರ್ರ, ಬರ್ಕೋರಿ."

ಠರಾವು ಬರೆಯುವುದು ಮುಖ್ಯ ಗುರುಗಳ ಕೆಲಸ. ಮುಖ್ಯ ಗುರುಗಳ ಹೊಣೆ ಮರಿಸ್ವಾಮಿಯ ಮೇಲೆಯೇ ಇತ್ತು. ಕೂತು ಪೆನ್ನು ತೆಗೆದರು.

"ಚಿಕ್ಕತಗ್ಗಿಹಾಳದ ಸಮಸ್ತ ಪಾಲಕರು ಒಮ್ಮತದಿಂದ ಠರಾವು ಮಾಡಿದ್ದೇನಂದ್ರ," ಕರಿಬಸಪ್ಪ ಒಂದೊಂದೇ ಮಾತು ಹೇಳಿದ, "ಮರಿಸ್ವಾಮಿ ಮಾಸ್ತರ್ನ ಇನ್ನ ಹತ್ತು ವರ್ಷ ಈ ಊರು ಬಿಡಿಸಬಾರದು. ವರ್ಗಾವಣಿ, ನಿಯೋಜನಿ, ಯಾವ ಹೆಸರಿಲೆ ಆದ್ರೂ ಸೈತ ಕಳಿಸಬಾರದು. ಬರದ್ರಿ?"

ಮರಿಸ್ವಾಮಿಯ ಪೆನ್ನು ನಿಂತಿತು. "ಕರಿಬಸಪ್ಪಾರ, ನನಗ ರಾಶಿ ಗೀಶಿ ಏನೂ ಬರೂದಿಲ್ರಿ. ಅದು ಭಿನ್ನರಾಶಿ. ಗಣಿತ. ಹುಲಿಗವ್ವನ ಆಡು ಹಾಳಿ ತಿಂದು..."

"ಕೇಳಿದ್ರೇನು?" ಬಸವಣ್ಣೆಮ್ಮ ಮಂದಿಯ ಕಡೆ ತಿರುಗಿದಳು. "ಬರತಿದ್ರೂ ಬರೂದಿಲ್ಲ ಅಂತಾರ! ಖರೇ ಕಲತವರು ಹಿಂಗ ಇರತಾರ."

"ನೀವು ಬರೀರಿ," ಎಂದ ಕರಿಬಸಪ್ಪ. "ತಪ್ಪಿಲ್ಲದ ಬರೀರಿ."

ಮರಿಸ್ವಾಮಿ ಬರೆದರು. ಅಕ್ಷರ ಮುತ್ತಿನಂತೆ ಬಂದವು, ಅದೊಂದು ಅವರ ಕೈಯ ದೋಷ. ಕೆಳಗೆ ಅರವತ್ತನಾಲ್ಕು ಸಹಿ, ಹೆಬ್ಬಟ್ಟು ಸೇರಿ. ಹುಲಿಗವ್ವ ಸೌಟನ್ನು ಎಡಗೈಗೆ ಬದಲಿಸಿಕೊಂಡು ಸಹಿ ಮಾಡಿದಳು.

ಪುಸ್ತಕ ಮೇಜಿನ ಮೇಲೆ ಅರ್ಜಿಯ ಪಕ್ಕಕ್ಕೆ ಬಂತು. ಸಾಹೇಬರು ಅದನ್ನು ನೋಡಿದರು, ಇದನ್ನು ನೋಡಿದರು, ಗಡಿಯಾರ ನೋಡಿದರು.

"ಮಾಸ್ತರ್, ನಿಮ್ಮದು ಒಬ್ಬರ ಸಹಿ. ಇಲ್ಲಿ ಅರವತ್ನಾಕು," ಎಂದರು ಮಮತೆಯಿಂದ. "ಇಷ್ಟು ಮಂದಿ ಪ್ರೀತಿ ಯಾರಿಗೆ ಸಿಗತೈತಿ? ನನ್ನ ಹೋಗು ಅಂತ ಮೂರು ಊರಾಗ ಅರ್ಜಿ ಕೊಟ್ಟಾರ." ಠರಾವಿನ ಕೆಳಗೆ 'ನೋಡಿ ಒಪ್ಪಿದೆ' ಎಂದು ಬರೆದು, ಆ ತಾಲೂಕಿನಲ್ಲಿ ತಮ್ಮ ಕಡೆಯ ಸಹಿಯನ್ನು ಉದ್ದಕ್ಕೆ ಎಳೆದರು. ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ಐದು ಗಂಟೆಗೆ ಶೋಭಾರಾಣಿಯ ಫೋನು ಬಂತು. ಮರಿಸ್ವಾಮಿ ಶಾಲೆಯ ಕಟ್ಟೆಯ ಮೇಲೆ ಕೂತಿದ್ದರು. ಎದುರಿಗೆ ಆಧಾರ್ ಕಾರ್ಡು ಹಿಡಿದ ಸಾಲು ಇನ್ನೂ ಕರಗಿರಲಿಲ್ಲ.

"ರೀ, ಸಾಹೇಬ್ರು ಸಹಿ ಹಾಕಿದ್ರೇನ್ರಿ?"

"ಹಾಕಿದ್ರು," ಎಂದರು ಮರಿಸ್ವಾಮಿ.

"ಐಶೂ!" ಆ ಕಡೆ ಹೆಂಡತಿ ಕುಣಿದದ್ದು ಈ ಕಡೆಗೆ ಕೇಳಿಸಿತು. "ಸಹಿ ಆತಂತಲೇ! ಇನ್ನ ಮ್ಯಾಲೆ ನಿಮ್ಮಪ್ಪಾಜಿ ದಿನಾ ಸಂಜಿಕೆ ಮನ್ಯಾಗ ಇರತಾರ. ಆ ಭಿನ್ನರಾಶಿ ಪುಸ್ತಕ ತಗದಿಡು!... ಹಲೋ, ಯಾವತ್ತಿನಿಂದ್ರಿ?"

ಮರಿಸ್ವಾಮಿ ಅಡಿಗೆ ಕೋಣೆಯ ಕಡೆ ನೋಡಿದರು. ಬಾಗಿಲಲ್ಲಿ ಆಡು ಕಣ್ಣು ಅರೆಮುಚ್ಚಿಕೊಂಡು, ಬೆಳಿಗ್ಗೆ ತಿಂದದ್ದನ್ನು ಸಾವಕಾಶವಾಗಿ ಮೆಲುಕು ಹಾಕುತ್ತಿತ್ತು.